ಕೇಳದೆ ಅಚ್ಚಾದ ಹೆಸರು

ನಮ್ಮ ಸಂಘದಲ್ಲಿ ದಾನ ಕೇಳುವ ಪದ್ಧತಿ ಇರಲಿಲ್ಲ. ಮೊದಲು ಸನ್ಮಾನ, ಆಮೇಲೆ ದಾನ. ಈ ಉಪಾಯ ಕಂಡುಹಿಡಿದವಳು ನಾನೇ ಎಂದು ಹೇಳಿಕೊಳ್ಳಲು ನನಗೆ ಒಂದು ಕಾಲದಲ್ಲಿ ಬಲು ಹೆಮ್ಮೆ ಇತ್ತು.

ಸಂಘ ಅಂದರೆ ಇತಿಹಾಸ ಸಂಘ. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ, ಈ ನಾಲ್ಕು ತಾಲ್ಲೂಕಿನಲ್ಲಿ ಹೊಲದ ಬದುವಿನಲ್ಲೋ ಕೆರೆ ಏರಿಯ ಮೇಲೋ ಅಕ್ಷರವಿರುವ ಒಂದು ಕಲ್ಲು ಇದೆ ಅಂದರೆ ಊಟ ಬಿಟ್ಟು ಓಡುವ ಜನ ನಾವು. ಹೆಚ್ಚಿನವರು ನಿವೃತ್ತ ಮೇಷ್ಟರುಗಳು, ಒಂದಿಬ್ಬರು ಅರ್ಚಕರು, ಒಬ್ಬರು ಅಂಚೆ ಕಚೇರಿಯಲ್ಲಿದ್ದವರು. ಶ್ರೀರಂಗಪಟ್ಟಣದ ಕೋಟೆಯೊಳಗಿನ ಒಂದು ಹೆಂಚಿನ ಮನೆ ನಮ್ಮ ಕಚೇರಿ. ಅದರ ಹಿತ್ತಲಲ್ಲಿ, ಎಲ್ಲೆಲ್ಲೋ ದಿಕ್ಕಿಲ್ಲದೆ ಬಿದ್ದಿದ್ದ ಕಲ್ಲುಗಳನ್ನು ತಂದು ಸಾಲಾಗಿ ನಿಲ್ಲಿಸಿದ್ದೇವೆ. ನಾನು ಕಾರ್ಯದರ್ಶಿ. ಹೈಸ್ಕೂಲಿನಲ್ಲಿ ಸಮಾಜ ಪಾಠ ಮಾಡಿ ನಿವೃತ್ತಳಾದವಳು, ಪಾಂಡವಪುರದಲ್ಲಿ ಮನೆ, ಕೂತಲ್ಲಿ ಕೂರಲಾಗದ ಸ್ವಭಾವ. “ನಿನ್ನ ಕಾಲಿಗೆ ಯಾರೋ ಚಕ್ರ ಕಟ್ಟಿ ಕಳಿಸಿದಾರೆ” ಎಂದು ನಮ್ಮ ಯಜಮಾನರು ಮದುವೆಯಾದ ವರ್ಷವೇ ಹೇಳಿದ್ದರು. ಇನ್ನೂ ಹೇಳುತ್ತಿದ್ದಾರೆ.

ಪ್ರತಿ ವರ್ಷ ಸಂಕ್ರಾಂತಿ ಕಳೆದ ಮೇಲೆ ಒಂದು ಭಾನುವಾರ ಸದಸ್ಯರಿಗೂ ದಾನಿಗಳಿಗೂ ಸನ್ಮಾನ. ಶಾಲು, ಹಾರ, ಹಣ್ಣಿನ ಬುಟ್ಟಿ, ಚೌಕಟ್ಟು ಹಾಕಿಸಿದ ಸನ್ಮಾನ ಪತ್ರ. ಆಮಂತ್ರಣ ಪತ್ರಿಕೆ ಬರೆದು ಅಚ್ಚು ಹಾಕಿಸುವುದು ನನ್ನ ಪಾಲಿನ ಕೆಲಸ. ಒಂದು ವರ್ಷ ನಮ್ಮ ಕಾಗದಪತ್ರಗಳಿಗೆ ಗೆದ್ದಲು ಹತ್ತಿತು, ಕಬ್ಬಿಣದ ಬೀರು ಬೇಕಾಯಿತು. ರೈಸ್ ಮಿಲ್ಲಿನ ಯಜಮಾನರೊಬ್ಬರನ್ನು ಕೇಳಿದ್ದೆವು. “ನೋಡುವ, ನೋಡುವ” ಎಂದು ಅವರು ಎರಡು ವರ್ಷದಿಂದ ನೋಡುತ್ತಲೇ ಇದ್ದರು. ನನಗೆ ರೇಗಿಹೋಯಿತು. ‘ಬೀರು ದಾನಿಗಳು’ ಎಂದು ಅವರ ಹೆಸರನ್ನು ಕಾರ್ಡಿನಲ್ಲಿ ಅಚ್ಚು ಹಾಕಿಸಿ ನಾಲ್ಕು ತಾಲ್ಲೂಕಿಗೂ ಹಂಚಿಬಿಟ್ಟೆ. ಅವರು ಫೋನಿನಲ್ಲಿ ಬಾಯಿಗೆ ಬಂದಂತೆ ಬೈದರು. ಶುಕ್ರವಾರ ಗೂಡ್ಸ್ ಆಟೋದಲ್ಲಿ ಬೀರು ಬಂತು. ಭಾನುವಾರ ಶಾಲು ಹೊದ್ದುಕೊಂಡು, ಇತಿಹಾಸದ ಸೇವೆ ತಮ್ಮ ಮನೆತನಕ್ಕೆ ಹೊಸದೇನಲ್ಲ ಎಂದು ಭಾಷಣವನ್ನೂ ಮಾಡಿದರು.

ಅಲ್ಲಿಂದ ಅದೇ ಪದ್ಧತಿಯಾಯಿತು. ಮೈಕು ಹಾಗೇ ಬಂತು, ಫ್ಯಾನುಗಳು ಹಾಗೇ ಬಂದವು, ಮೇಲುಕೋಟೆ ರಸ್ತೆಯ ಮನೆಯೊಂದರ ಅಟ್ಟದಲ್ಲಿದ್ದ ಓಲೆಗರಿಯ ಕಟ್ಟುಗಳೂ ಹಾಗೇ ಬಂದವು. ಕಾರ್ಡಿನಲ್ಲಿ ಹೆಸರು ಬಂದ ಮೇಲೆ ಇಲ್ಲ ಅನ್ನುವ ಗಂಡು ನಮ್ಮ ಕಡೆ ಹುಟ್ಟಿಲ್ಲ. ನಾಲ್ಕು ಜನದ ಮುಂದೆ ಮುಖ ಉಳಿಯಬೇಕಲ್ಲ. ನಮ್ಮ ಅಧ್ಯಕ್ಷರು ನಾಗಮಂಗಲದ ಕಡೆಯವರು, ಕಾಲೇಜಿನಲ್ಲಿ ಪ್ರಿನ್ಸಿಪಾಲರಾಗಿದ್ದವರು. “ನೀವು ಕಾರ್ಡಿನಲ್ಲಿ ನನ್ನ ತಿಥಿ ಅಂತ ಹಾಕಿಸಿದರೆ ನಾನು ಸಾಯಲೇಬೇಕಾಗುತ್ತೆ ಕಣ್ರೀ” ಎಂದು ನಗುತ್ತಿದ್ದರು. ನಾನೂ ನಗುತ್ತಿದ್ದೆ.

ಆ ಕಲ್ಲು ನನ್ನ ಕಣ್ಣಿಗೆ ಬಿದ್ದದ್ದು ಹೋದ ಚಳಿಗಾಲದಲ್ಲಿ. ಗೋವಿಂದನಹಳ್ಳಿಯ ದೇವಸ್ಥಾನ ನೋಡಲು ಬಂದಿದ್ದ ಕಾಲೇಜು ಹುಡುಗಿಯರಿಗೆ ಒಂದಿಷ್ಟು ವಿವರಿಸಿ, ಸ್ಕೂಟರಿನಲ್ಲಿ ಸಂತೆಬಾಚಹಳ್ಳಿ ಕಡೆ ಸುತ್ತಿ ಬರೋಣವೆಂದು ಹೊರಟೆ. ನೆಟ್ಟಗೆ ಮನೆಗೆ ಹೋಗುವ ಜಾಯಮಾನ ನನ್ನದಲ್ಲ. ಸಂತೆಬಾಚಹಳ್ಳಿಯ ಆಚೆ ಒಂದು ಸಣ್ಣ ಊರಿನಲ್ಲಿ, ರಸ್ತೆಗೇ ಕಾಣುವಂತೆ, ಒಂದು ಕೊಟ್ಟಿಗೆಯ ಬಾಗಿಲ ಪಕ್ಕ ವೀರಗಲ್ಲು ನಿಂತಿತ್ತು. ನನ್ನ ಎದೆಯಷ್ಟು ಎತ್ತರ. ಕೆಳಗಿನ ಪಟ್ಟಿಯಲ್ಲಿ ಬಿಲ್ಲು ಹಿಡಿದವನು, ಅವನ ಹಿಂದೆ ಹಸುಗಳು. ನಡುವೆ ಅವನನ್ನು ಹೊತ್ತೊಯ್ಯುವ ದೇವಕನ್ಯೆಯರು. ಮೇಲೆ ಶಿವಲಿಂಗದ ಮುಂದೆ ಕೈಮುಗಿದು ಕೂತವನು. ದನ ಕತ್ತು ಉಜ್ಜಿ ಉಜ್ಜಿ ಒಂದು ಅಂಚು ಕನ್ನಡಿಯ ಹಾಗೆ ನುಣುಪಾಗಿತ್ತು. ಪಟ್ಟಿಗಳ ನಡುವೆ ಮೂರು ಸಾಲು ಅಕ್ಷರ. ಸ್ಕೂಟರಿಗೆ ಸ್ಟ್ಯಾಂಡು ಹಾಕುವುದನ್ನೂ ಮರೆತೆ. ಅದು ಬಿತ್ತು.

ಸದ್ದಿಗೆ ಒಳಗಿನಿಂದ ಮುದುಕಿಯೊಬ್ಬಳು ಬಂದಳು. ಎಪ್ಪತ್ತು ದಾಟಿದ ಹೆಂಗಸು, ಕೈಯಲ್ಲಿ ಹಾಲಿನ ಕ್ಯಾನು. ನಾಲ್ಕು ಹಸು ಕಟ್ಟಿ ಡೈರಿಗೆ ಹಾಲು ಹಾಕುವ ಮನೆ ಅದು. ಮಗ ಇದ್ದ, ಸೊಸೆ ಇದ್ದಳು.

“ಏನವ್ವಾ, ಈರಪ್ಪನ್ನ ನೋಡಕ್ಬಂದಾ?” ಎಂದಳು.

ಕಲ್ಲಿಗೆ ಅವಳು ಕೊಟ್ಟ ಹೆಸರು ಅದು, ಈರಪ್ಪ. ಸೊಸೆಯಿಂದ ಒಂದು ಹಿಡಿ ರಾಗಿ ಹಿಟ್ಟು ಈಸಿಕೊಂಡು ಅಕ್ಷರದ ಮೇಲೆ ಸವರಿದೆ. ತಗ್ಗಿನಲ್ಲಿ ಹಿಟ್ಟು ಕೂತು ಅಕ್ಷರಗಳು ಎದ್ದು ಕಂಡವು. ಕಳ್ಳರು ಊರ ದನ ಹೊಡೆದುಕೊಂಡು ಹೋದಾಗ ಒಬ್ಬನೇ ಅವರ ಬೆನ್ನು ಹತ್ತಿ, ದನವನ್ನೆಲ್ಲ ಮರಳಿಸಿ, ತಾನು ಸತ್ತ, ಎಂದಿತ್ತು. ಅವನ ಹೆಸರಿದ್ದ ಕಡೆ ಕಲ್ಲು ಚಕ್ಕೆ ಎದ್ದಿತ್ತು. ಪಾಠ ಹೇಳುವ ದನಿಯಲ್ಲಿ ಮುದುಕಿಗೆ ಎಲ್ಲ ಓದಿ ಹೇಳಿದೆ. ಆಶ್ಚರ್ಯಪಡುತ್ತಾಳೆ ಎಂದುಕೊಂಡಿದ್ದೆ.

“ಅದ್ಕೇ ಮತ್ತೆ ಆಲು ಕೊಡದು” ಎಂದಳು, ಇದರಲ್ಲೇನು ವಿಶೇಷ ಎನ್ನುವ ಹಾಗೆ.

ಆ ಮನೆಯಲ್ಲಿ ಹಸು ಕರು ಹಾಕಿದರೆ ಮೊದಲ ಗಿಣ್ಣು ಹಾಲು ಕಲ್ಲಿಗೆ. ಆಮೇಲೆ ಮನೆಯವರಿಗೆ ಗಿಣ್ಣು, ಆಮೇಲೆ ಡೈರಿಗೆ. ಅವಳ ಅತ್ತೆ ಹಾಗೆ ಮಾಡುತ್ತಿದ್ದಳಂತೆ, ಅತ್ತೆಯ ಅತ್ತೆಯೂ ಮಾಡುತ್ತಿದ್ದಳಂತೆ. ಓದು ಬಾರದ ಹೆಂಗಸರು, ಕಲ್ಲಿನಲ್ಲಿ ಏನು ಬರೆದಿದೆ ಎಂದು ಯಾರೂ ಅವರಿಗೆ ಹೇಳಿದವರಿಲ್ಲ. ನನ್ನ ಮೈ ಜುಮ್ಮೆಂದಿತು. ಆದರೆ ಆ ಹೊತ್ತಿಗೆ ನನ್ನ ತಲೆಯಲ್ಲಿ ಓಡುತ್ತಿದ್ದದ್ದು ಬೇರೆ. ಈ ಕಲ್ಲು ನಮ್ಮ ಹಿತ್ತಲಿಗೆ ಬರಬೇಕು.

ಅದಕ್ಕೆ ಕಾರಣವೂ ಸಿಕ್ಕಿತು. ಮಗ ಬಂದು, ಕೊಟ್ಟಿಗೆ ಕೆಡವಿ ಸಿಮೆಂಟಿನ ಶೆಡ್ಡು ಕಟ್ಟಿಸುತ್ತಿದ್ದೇನೆ ಎಂದ.

“ಆಗ ಈ ಕಲ್ಲು?” ಎಂದೆ.

“ಇನ್ನೇನ್ ಮೇಡಮ್ನೋರೆ, ತಳಪಾಯಕ್ಕಾಯ್ತದೆ” ಎಂದು ನಕ್ಕ.

ನನಗೆ ರಕ್ತ ನೆತ್ತಿಗೇರಿತು. ಅರ್ಧ ಗಂಟೆ ಅವನಿಗೆ ಬುದ್ಧಿ ಹೇಳಿದೆ. ಸಂಘಕ್ಕೆ ಕೊಡಿ, ನೆರಳಿನಲ್ಲಿ ನಿಲ್ಲಿಸುತ್ತೇವೆ, ನಾಲ್ಕು ಜನ ನೋಡುತ್ತಾರೆ ಎಂದೆ. ಅವನು ತಲೆ ಕೆರೆದುಕೊಂಡು, “ನೋಡುವ” ಎಂದ. ಆ ಮಾತೊಂದನ್ನು ಅವನು ಆಡಬಾರದಿತ್ತು.

ಹೊರಟಾಗ ಮುದುಕಿ ರಸ್ತೆಯವರೆಗೆ ಬಂದಳು. “ಅವ್ನು ಅಂಗಂತಾನೆ ಕಣವ್ವ, ಈರಪ್ಪನ್ನ ಅಂಗೆಲ್ಲಾ ಮಾಡಕಿಲ್ಲ ಬುಡು” ಎಂದಳು. ನಾನು ಹೂಂ ಎಂದು ಸ್ಕೂಟರ್ ಹತ್ತಿದೆ. ಅರ್ಧ ಗಂಟೆ ಮಗನನ್ನು ಕೇಳಿದವಳು, ಕಲ್ಲಿಗೆ ಹಾಲು ಹೊಯ್ಯುವವಳನ್ನು ಒಂದು ಮಾತು ಕೇಳಲಿಲ್ಲ. ಅವಳನ್ನು ಕೇಳಬೇಕು ಎಂಬುದೇ ನನ್ನ ತಲೆಗೆ ಹೊಳೆಯಲಿಲ್ಲ ನೋಡಿ.

ಕಾರ್ಡಿನಲ್ಲಿ ಮಾತ್ರ ಅವಳ ಹೆಸರನ್ನೇ ಹಾಕಿಸಿದೆ. ಮಗನ ಹೆಸರು ಹಾಕಿದರೆ ಏನಾದರೂ ನೆಪ ಹೇಳಿ ಜಾರಿಕೊಂಡಾನು; ತಾಯಿಯ ಹೆಸರು ಬಂದರೆ ಊರವರೇ ಬಿಡುವುದಿಲ್ಲ. ಆವತ್ತು ಮೊಬೈಲಿನಲ್ಲಿ ತೆಗೆದಿದ್ದ ಅವಳ ಚಿತ್ರವನ್ನೂ ಕೊಟ್ಟು, ಕೆಳಗೆ ‘ಶಿಲಾದಾನಿ’ ಎಂದು ದಪ್ಪ ಅಕ್ಷರದಲ್ಲಿ ಹಾಕಿಸಿದೆ. ಅವರ ಊರಿಗೇ ಒಂದು ಕಟ್ಟು ಕಾರ್ಡು ಕಳಿಸಿದೆ. ಹಾಲಿನ ಡೈರಿಯಲ್ಲಿ ಇಟ್ಟರೆ ಬೆಳಿಗ್ಗೆಯೂ ಸಂಜೆಯೂ ಹಾಲು ಹಾಕಲು ಬರುವವರೆಲ್ಲ ನೋಡುತ್ತಾರೆ ಎಂದು ಲೆಕ್ಕ ಹಾಕಿದ್ದೆ. ಎಂಥಾ ಬುದ್ಧಿವಂತೆ ನಾನು!

ಆಮೇಲಿನ ಒಂದು ವಾರ ನನಗೆ ನೆಮ್ಮದಿಯಿಲ್ಲ. ಫೋನು ಬರಲಿಲ್ಲ. ಹಾಲು ಒಲೆಯ ಮೇಲಿಟ್ಟು ಮರೆತೆ, ಎರಡು ಸಲ ಉಕ್ಕಿತು. ಅಂಗಡಿಗೆಂದು ಹೋಗಿ ಬಸ್ ಸ್ಟ್ಯಾಂಡಿನಲ್ಲಿ ಕೆ.ಆರ್. ಪೇಟೆ ಬಸ್ಸಿನಿಂದ ಇಳಿಯುವವರ ಮುಖ ನೋಡುತ್ತಾ ನಿಂತೆ, ಏನೂ ಕೊಳ್ಳದೆ ವಾಪಸು ಬಂದೆ. “ಬಾಣಂತಿ ಮನೆ ಮುಂದೆ ಬೆಕ್ಕು ಓಡಾಡಿದ ಹಾಗೆ ಓಡಾಡ್ತೀಯಲ್ಲೇ” ಎಂದರು ಯಜಮಾನರು. ಗುರುವಾರ ಮಗನ ಫೋನು ಬಂತು.

“ಏನ್ ಮೇಡಮ್ನೋರೆ, ಇಂಗ್ ಮಾಡ್ಬುಟ್ರಿ? ಊರೋರೆಲ್ಲಾ ಕಾರ್ಡ್ ನೋಡವ್ರೆ. ‘ಏನ್ಲಾ, ನಿಮ್ಮವ್ವ ದಾನಸೂರಿ ಆಗ್ಬುಟ್ಳು’ ಅಂತಾವ್ರೆ. ಇನ್ನೇನ್ ಮಾಡದು, ಭಾನುವಾರ ಟ್ರಾಕ್ಟರಲ್ಲಿ ತತ್ತೀನಿ.”

ಗೆದ್ದೆ ಎಂದು ಕುಣಿಯುವಷ್ಟು ಸಂತೋಷವಾಯಿತು. ಅವ್ವ ಏನಂದರು ಎಂದು ಆಗಲೂ ನಾನು ಕೇಳಲಿಲ್ಲ.

ಭಾನುವಾರ ಹನ್ನೊಂದು ಗಂಟೆಯ ಹೊತ್ತಿಗೆ ಟ್ರಾಕ್ಟರು ಕೋಟೆಯೊಳಗೆ ಬಂತು. ಟ್ರೈಲರಿನಲ್ಲಿ ಹುಲ್ಲು ಹಾಸಿ ಕಲ್ಲನ್ನು ಮಲಗಿಸಿದ್ದರು. ಅದರ ಪಕ್ಕ ಹುಲ್ಲಿನ ಮೇಲೆ ಮುದುಕಿ, ಒಂದು ಕೈ ಕಲ್ಲಿನ ಮೇಲೆ, ಇನ್ನೊಂದು ಕೈಯಲ್ಲಿ ಸಣ್ಣ ಸ್ಟೀಲ್ ಕ್ಯಾನು. ಸಂತೆಬಾಚಹಳ್ಳಿಯ ಆಚೆಯಿಂದ ಶ್ರೀರಂಗಪಟ್ಟಣದವರೆಗೆ ಹಾಗೇ ಕೂತು ಬಂದಿದ್ದಳು. ಬಸ್ಸಿನಲ್ಲಿ ಬಾ ಎಂದರೆ ಬರಲಿಲ್ಲವಂತೆ. ಸದಸ್ಯರೆಲ್ಲ ಸೇರಿ ಹಗ್ಗ ಹಾಕಿ ಕಲ್ಲನ್ನು ಇಳಿಸಿ ಹಿತ್ತಲ ಸಾಲಿನ ತುದಿಯಲ್ಲಿ ನಿಲ್ಲಿಸಿದರು. ನಾನು ಡಬ್ಬಿಯಲ್ಲಿ ಬಿಳಿ ಪೇಂಟು ಸಿದ್ಧ ಮಾಡಿಟ್ಟಿದ್ದೆ. ನಿಂತ ಕೂಡಲೇ ಅದರ ಬುಡಕ್ಕೆ ಕ್ರಮಸಂಖ್ಯೆ ಬರೆದೆ.

ಸಭೆಯಲ್ಲಿ ಅವಳನ್ನು ನಡುವಿನ ಕುರ್ಚಿಯಲ್ಲಿ ಕೂರಿಸಿದೆವು. ನಾನೇ ಶಾಲು ಹೊದಿಸಿದೆ, ಅಧ್ಯಕ್ಷರು ಹಾರ ಹಾಕಿದರು, ಸನ್ಮಾನ ಪತ್ರವನ್ನು ನಾನೇ ಓದಿದೆ. ‘ಪರಂಪರೆಯ ಆಸ್ತಿಯನ್ನು ನಾಡಿಗೆ ಸ್ವಸಂತೋಷದಿಂದ ಅರ್ಪಿಸಿದ ಮಾತೆ’ ಎಂದೆಲ್ಲ ಬರೆದಿದ್ದೆ. ಎರಡು ಮಾತಾಡವ್ವ ಎಂದು ಮೈಕನ್ನು ಅವಳ ಬಾಯಿಯ ಹತ್ತಿರ ಹಿಡಿದರು. ಅವಳು ಸುತ್ತ ನೋಡಿದಳು.

“ನಾನೇನ್ ಕೊಟ್ನಿಲ್ಲ ಕಣ್ರಪ್ಪ” ಎಂದಳು.

ಎಲ್ಲರೂ ಚಪ್ಪಾಳೆ ತಟ್ಟಿದರು. “ಎಂಥಾ ವಿನಯ ನೋಡಿ! ಇದು ನಮ್ಮ ಸಂಸ್ಕೃತಿ” ಎಂದು ಅಧ್ಯಕ್ಷರು ಗದ್ಗದಿತರಾದರು. ಅವಳು ವಿನಯಕ್ಕೆ ಹೇಳಿದ್ದಲ್ಲ. ಅವಳು ನಿಜ ಹೇಳಿದ್ದಳು, ಮತ್ತು ಆ ಸಭೆಯಲ್ಲಿ ಅದು ಗೊತ್ತಿದ್ದವಳು ನಾನೊಬ್ಬಳೇ.

ಉಪ್ಪಿಟ್ಟು ಕೇಸರಿಬಾತಿಗೆ ಎಲ್ಲರೂ ಎದ್ದರು. ಅವಳು ಶಾಲು ಮಡಿಸಿ ಕಂಕುಳಲ್ಲಿಟ್ಟುಕೊಂಡು, ಕ್ಯಾನು ಹಿಡಿದು, ನನ್ನ ಹತ್ತಿರ ಬಂದಳು.

“ನೆನ್ನೆ ನಮ್ ಕೆಂದ ಅಸ ಕರಾಕ್ತು ಕಣವ್ವ. ಗಿಣ್ಣಾಲು ತಂದಿವ್ನಿ. ಈರಪ್ಪನ್ಗೆ ಉಯ್ಬುಟ್ಟು ಒಂಟೋಯ್ತೀನಿ.”

ನಾವಿಬ್ಬರೂ ಹಿತ್ತಲಿಗೆ ಹೋದೆವು. ಅಲ್ಲಿ ಬೇಲಿಗೆ ಒಂದು ಬೋರ್ಡು ಇದೆ: ಕಲ್ಲುಗಳ ಮೇಲೆ ಎಣ್ಣೆ, ಹಾಲು, ಅರಿಶಿನ ಹಾಕಬಾರದು. ಅಕ್ಷರ ನನ್ನದೇ. ಎಣ್ಣೆ ಜಿಡ್ಡಿನಿಂದ ಅಕ್ಷರ ಮುಚ್ಚಿಹೋದ ಎಷ್ಟೋ ಕಲ್ಲುಗಳನ್ನು ತೊಳೆದು ಬೇಸತ್ತು ನಾನೇ ಬರೆದ ನಿಯಮ ಅದು. ಅವಳು ಕ್ಯಾನಿನ ಮುಚ್ಚಳ ತೆಗೆಯುವಷ್ಟರಲ್ಲಿ, ತಟ್ಟೆ ಹಿಡಿದು ಅಲ್ಲೇ ನಿಂತಿದ್ದ ಅಧ್ಯಕ್ಷರು ಅಡ್ಡ ಬಂದರು.

“ಬೇಡಮ್ಮ, ಬೇಡ. ಹಾಲು ಬಿದ್ದರೆ ಇರುವೆ ಮುತ್ತುತ್ತೆ, ಅಕ್ಷರ ಹಾಳಾಗುತ್ತೆ. ಕಾರ್ಯದರ್ಶಿಗಳೇ, ನೀವೇ ಹೇಳಿ.”

ಅವಳು ನನ್ನ ಮುಖ ನೋಡಿದಳು. ಉಯ್ಯವ್ವ ಎಂದು ಒಂದು ಮಾತು ಅನ್ನಬಹುದಿತ್ತು, ಆಕಾಶವೇನೂ ಬೀಳುತ್ತಿರಲಿಲ್ಲ. ಸುತ್ತ ಸದಸ್ಯರಿದ್ದರು. ಬೋರ್ಡಿನಲ್ಲಿ ನನ್ನ ಅಕ್ಷರ ಇತ್ತು. “ಮನೆಗೆ ತಗೊಂಡು ಹೋಗಿ ಗಿಣ್ಣು ಮಾಡಿಬಿಡವ್ವ” ಎಂದೆ.

ಅವಳು ಮುಚ್ಚಳ ಹಾಕಿದಳು, ಅಂಗೈಯಿಂದ ಒತ್ತಿ ಬಿಗಿ ಮಾಡಿದಳು, ಟ್ರಾಕ್ಟರು ಹತ್ತಿ ಕೂತಳು. ಉಪ್ಪಿಟ್ಟು ಮುಟ್ಟಲಿಲ್ಲ. ಹಣ್ಣಿನ ಬುಟ್ಟಿಯನ್ನು ಕುರ್ಚಿಯ ಮೇಲೇ ಬಿಟ್ಟು ಹೋಗಿದ್ದಳು.

ಅಂದಿನಿಂದ ಆ ಹಿತ್ತಲಿಗೆ ಹೋದಾಗಲೆಲ್ಲ ನನಗೆ ನಿಲ್ಲಲಾಗುತ್ತಿರಲಿಲ್ಲ. ಸಾಲಿನ ಬೇರೆ ಕಲ್ಲುಗಳೆಲ್ಲ ಯಾರಿಗೂ ಬೇಡವಾಗಿ ಬಂದವು. ಇದೊಂದು ಬೇಕಾಗಿದ್ದ ಕಲ್ಲು. ನೆರಳಿಗೆ ತಂದೆ, ತಳಪಾಯದಿಂದ ಉಳಿಸಿದೆ ಎಂದು ನನಗೆ ನಾನೇ ಎಷ್ಟು ಸಮಾಧಾನ ಹೇಳಿಕೊಂಡರೂ ಆ ಮುಚ್ಚಳ ಒತ್ತಿದ ಅಂಗೈ ಕಣ್ಣೆದುರು ಬರುತ್ತಿತ್ತು. ಸಮಿತಿಯ ಸಭೆಯಲ್ಲಿ, ಕಲ್ಲನ್ನು ವಾಪಸು ಕೊಡೋಣ ಎಂದೆ. ಅಧ್ಯಕ್ಷರು ಹಳೆಯ ನಡಾವಳಿ ಪುಸ್ತಕ ತೆಗೆಸಿದರು. ‘ಸಂಘದ ಹಿತ್ತಲಿಗೆ ಬಂದ ಕಲ್ಲು ಯಾವ ಕಾರಣಕ್ಕೂ ಹೊರಗೆ ಹೋಗಕೂಡದು’ ಎಂಬ ನಿರ್ಣಯ ಅದರಲ್ಲಿತ್ತು. ಮಂಡಿಸಿದವರು: ಕಾರ್ಯದರ್ಶಿ. ಮಾಡಿದ್ದುಣ್ಣೋ ಮಹಾರಾಯ ಅಂತಾರಲ್ಲ, ಹಾಗಾಯಿತು. ಜೋರಾಗಿ ಜಗಳವಾಡಿದೆ. “ನೀವೇ ತಂದಿರಿ, ನೀವೇ ಕೊಡಿ ಅಂತೀರಿ, ಒಂದು ಕಡೆ ನಿಲ್ಲಿ” ಎಂದರು ಅಂಚೆ ಕಚೇರಿಯವರು.

ಮನೆಗೆ ಬಂದವಳು ಚಪ್ಪಲಿ ಬಿಡದೆ ಪ್ರೆಸ್ಸಿಗೆ ಹೋದೆ. ನನಗೆ ಗೊತ್ತಿದ್ದ ವಿದ್ಯೆ ಒಂದೇ. ‘ವೀರಗಲ್ಲನ್ನು ಮೂಲ ಸ್ಥಳದಲ್ಲಿ ಮರುಪ್ರತಿಷ್ಠಾಪಿಸುವ ಸಮಾರಂಭ. ಅಧ್ಯಕ್ಷತೆ ಹಾಗೂ ಪ್ರತಿಷ್ಠಾಪನೆ’, ಅದರ ಮುಂದೆ ನಮ್ಮ ಅಧ್ಯಕ್ಷರ ಹೆಸರು, ಅವರ ಎಲ್ಲ ಪದವಿಗಳ ಸಮೇತ, ಎಲ್ಲಕ್ಕಿಂತ ದಪ್ಪ ಅಕ್ಷರದಲ್ಲಿ. ಮುಂದಿನ ಭಾನುವಾರದ ತಾರೀಖು. ನಾಲ್ಕು ತಾಲ್ಲೂಕಿಗೂ ಹಂಚಿದೆ. ಎರಡನೇ ದಿನ ಅವರ ಫೋನು.

“ಏನ್ರೀ ಇದು? ನನ್ನ ಒಂದು ಮಾತು ಕೇಳೋದು ಬೇಡವೇ?”

“ಸರ್, ಅಚ್ಚಾಗಿ ಹೋಗಿದೆ” ಎಂದೆ.

ನಿಯಮ, ನಿರ್ಣಯ ಎಂದು ಅವರು ಒಂದಿಷ್ಟು ಗೊಣಗಿದರು. “ನಮ್ಮ ನೆಂಟರೆಲ್ಲ ಬರ್ತೀವಿ ಅಂತ ಫೋನ್ ಮಾಡ್ತಾ ಇದಾರೆ” ಎಂದರು ಕೊನೆಗೆ. “ಎಷ್ಟು ಗಂಟೆಗೆ?”

ಈ ಗೆಲುವನ್ನು ಹೇಳಲು ಮರುದಿನ ಬೆಳಿಗ್ಗೆಯೇ ಸ್ಕೂಟರ್ ಹತ್ತಿದೆ. ಚಳಿ ಇನ್ನೂ ಬಿಟ್ಟಿರಲಿಲ್ಲ. ಊರು ಮುಟ್ಟಿದರೆ ಹಳೆಯ ಕೊಟ್ಟಿಗೆ ಇಲ್ಲ, ಸಿಮೆಂಟಿನ ಶೆಡ್ಡು ಎದ್ದಿದೆ. ಕಲ್ಲು ನಿಂತಿದ್ದ ಜಾಗದಲ್ಲಿ ಈಗ ಮೇವು ಹಾಕುವ ಗೋದಲಿ. ಶೆಡ್ಡಿನ ಮೂಲೆಯಲ್ಲಿ ಕೆಂದ ಹಸುವಿನ ಕರು ಮಲಗಿತ್ತು. ಅದರ ಮೈಮೇಲೆ ಜರಿ ಅಂಚಿನ ನಮ್ಮ ಸನ್ಮಾನದ ಶಾಲು, ಜಾರದ ಹಾಗೆ ಹೊಟ್ಟೆಯ ಕೆಳಗೆ ಗಂಟು ಕಟ್ಟಿತ್ತು. ಒಂದು ಕ್ಷಣ ನನಗೆ ಸಿಟ್ಟು ಬಂತು. ಶಾಲು ಬೆಚ್ಚಗಿದ್ದದ್ದು ನಿಜ, ಕರು ಕಣ್ಣು ಮುಚ್ಚಿ ಮಲಗಿತ್ತು.

ಸೊಸೆ ಜಗಲಿಯಲ್ಲಿ ಕೂರಿಸಿ ಟೀ ತಂದಳು. ಕರೀ ಟೀ.

“ನಾಲ್ಕು ಹಸು ಇರೋ ಮನೇಲಿ ಹಾಲಿಲ್ಲವೇನಮ್ಮ?” ಎಂದು ತಮಾಷೆಗೆ ಕೇಳಿದೆ.

ಅವಳು ಒಳಗೆ ನೋಡಿ ದನಿ ತಗ್ಗಿಸಿದಳು. “ನಮ್ಮತ್ತೆ ಅವತ್ತಿಂದ ಆಲು ಮುಟ್ತಿಲ್ಲ ಕಣಕ್ಕ. ಇವ್ರು ಡೈರಿಗೆ ಆಕ್ತಾವ್ರೆ. ಅತ್ತೆ ಮುಂದೆ ನಾವೆಂಗ್ ಕುಡಿಯದು? ನಮ್ಗೂ ಕರೀ ಟೀನೇಯ.”

ಲೋಟ ನನ್ನ ಕೈಯಲ್ಲೇ ಉಳಿಯಿತು. ಅಷ್ಟರಲ್ಲಿ ಮುದುಕಿ ಬಂದು ಎದುರಿಗೆ ಕೂತಳು. ನಾನು ಕಾರ್ಡು ಕೊಟ್ಟೆ. “ಈರಪ್ಪನ್ನ ವಾಪಸು ತರ್ತಾ ಇದೀವಿ ಅವ್ವಾ, ಬರೋ ಭಾನುವಾರ. ಎಲ್ಲಾ ಗೊತ್ತುಮಾಡಿಬಿಟ್ಟಿದೀನಿ” ಎಂದು ಒಂದೇ ಉಸಿರಿನಲ್ಲಿ ಹೇಳಿದೆ. ಅವಳು ಕಾರ್ಡನ್ನು ಹಿಂದೆ ಮುಂದೆ ತಿರುಗಿಸಿ ನೋಡಿದಳು.

“ಈ ಸಲನೂ ಕೇಳ್ದೇನೇ ಅಚ್ಚಾಕ್ಸ್ಬುಟ್ಯಲ್ಲವ್ವ” ಎಂದಳು.

ಹೊಡೆದಿದ್ದರೆ ಇಷ್ಟು ನೋಯುತ್ತಿರಲಿಲ್ಲ. ಅವಳೇ ಮುಂದುವರಿದಳು, ಸಿಟ್ಟಿಲ್ಲದೆ, ಗೋದಲಿಯ ಕಡೆ ಕೈ ತೋರಿಸಿ: “ಎಲ್ ನಿಲ್ಲುಸ್ತೀಯೆ? ಅವ್ನ್ ಜಾಗ್ದಲ್ಲಿ ಸಿಮೆಂಟಾಗದೆ. ಅದೂ ಅಲ್ದೆ ಬಿಳೀ ಅಸ ತುಂಬ್ದಸ. ಗುರುವಾರನೋ ಸುಕ್ರವಾರನೋ ಈಯ್ತದೆ. ನೀನ್ ಭಾನುವಾರ ಅಂತೀಯೆ. ದನಕ್ಕೆ ನಿಮ್ ಕಾರ್ಡು ಗೊತ್ತಾಯ್ತದಾ?”

ನಾನು ಲೋಟ ಕೆಳಗಿಟ್ಟೆ. ಜೀವನದಲ್ಲಿ ಮೊದಲ ಸಲ ಕೇಳುತ್ತಿರುವ ಹಾಗೆ ಅನ್ನಿಸಿತು. “ಅವ್ವಾ, ಕಲ್ಲು ತಂದುಕೊಡಲಾ? ಯಾವತ್ತು ತರಲಿ? ಎಲ್ಲಿ ನಿಲ್ಲಿಸಲಿ?”

ಅವಳು ಎದ್ದು ಹೋಗಿ ಶೆಡ್ಡಿನ ಬಾಗಿಲಲ್ಲಿ ನಿಂತಳು, ಬಲಗಡೆ ನೋಡಿದಳು, ಎಡಗಡೆ ನೋಡಿದಳು. ಕೊನೆಗೆ ಎಡಗಡೆಯಲ್ಲಿ ಕಾಲಿನ ಹೆಬ್ಬೆರಳಿನಿಂದ ನೆಲ ಕೆರೆದಳು. “ಇಲ್ಲಿ. ಒಳಕ್ಕೆ ಬರೋ ದನ ಕತ್ತುಜ್ಕಳಂಗೆ. ಬುಧವಾರದೊಳ್ಗೆ ತಂದ್ಬುಡು.”

ಬುಧವಾರ ತಂದೆವು. ಸಂಘದ ಬೀಗದಕೈ ನನ್ನ ಹತ್ತಿರವೇ ಇರುತ್ತದೆ. ಮಗ ಟ್ರಾಕ್ಟರು ತಂದ, ಜೊತೆಗೆ ಊರಿನ ನಾಲ್ಕು ಜನ. ಕಾರ್ಡಿಲ್ಲ, ಹಾರವಿಲ್ಲ, ಮೈಕಿಲ್ಲ. “ಏನ್ಲಾ, ಕೊಟ್ಟಿದ್ನ ವಾಪಸ್ ಇಸ್ಕತಾವ್ರೆ ಅಂತ ಊರಲ್ಲಿ ನಗಾಕಿಲ್ವಾ?” ಎಂದು ಒಬ್ಬ ಮಗನನ್ನು ರೇಗಿಸಿದ. “ನಗ್ಲಿ ಬುಡ್ಲಾ, ಮನೇಲಿ ಆಲಾಕಿದ್ ಟೀ ಕುಡ್ದು ತಿಂಗ್ಳಾಯ್ತಾ ಬಂತು” ಎಂದ ಅವನು. ನಾನು ಸೀಮೆಎಣ್ಣೆಯಲ್ಲಿ ಬಟ್ಟೆ ಅದ್ದಿ ಬುಡದ ಬಿಳಿ ಸಂಖ್ಯೆಯನ್ನು ಉಜ್ಜಿದೆ. ಪೂರ್ತಿ ಹೋಗಲಿಲ್ಲ.

ದಾರಿಯಿಂದ ಅಧ್ಯಕ್ಷರಿಗೆ ಫೋನು ಮಾಡಿ ಹೇಳಿದೆ. “ಹಾಗಾದರೆ ಭಾನುವಾರ ನಾನು ಏನನ್ನು ಪ್ರತಿಷ್ಠಾಪನೆ ಮಾಡಲಿ?” ಎಂದು ಕೂಗಾಡಿದರು. ನಿರ್ಣಯ ಮುರಿದದ್ದಕ್ಕೆ ನನ್ನ ಮೇಲೆ ಏನು ಕ್ರಮ ಬೇಕಾದರೂ ತಗೊಳ್ಳಿ, ಭಾಷಣಕ್ಕೆ ಮಾತ್ರ ಬನ್ನಿ ಎಂದೆ.

ಬಂದರು. ಕಾರ್ಡಿನಲ್ಲಿ ಹೆಸರಿತ್ತಲ್ಲ. ಭಾನುವಾರ ನಾಲ್ಕು ತಾಲ್ಲೂಕಿನ ಸದಸ್ಯರೂ ಅವರ ನೆಂಟರೂ ಶೆಡ್ಡಿನ ಮುಂದೆ ಕುರ್ಚಿ ಹಾಕಿಕೊಂಡು ಕೂತರು. ಬಿಳೀ ಹಸು ಗುರುವಾರವೇ ಈದಿತ್ತು. ಕಲ್ಲಿನ ಮೇಲಿನಿಂದ ಕೆಳಗಿನವರೆಗೆ ಹಾಲು ಒಣಗಿದ ಗೆರೆ, ಅಕ್ಷರಗಳ ಸಾಲಿನುದ್ದಕ್ಕೂ ಇರುವೆ. ಅಧ್ಯಕ್ಷರು ಕನ್ನಡಕ ಏರಿಸಿ ಇರುವೆಗಳನ್ನು ನೋಡಿದರು, ನನ್ನನ್ನು ನೋಡಿದರು, ವೇದಿಕೆಯ ಕಡೆ ನಡೆದರು. ಅವರ ಭಾಷಣದ ಹೊತ್ತಿಗೆ ಮುದುಕಿ ಒಳಗೆ ಹಾಲು ಕರೆಯುತ್ತಿದ್ದಳು. ವೇದಿಕೆಗೆ ಕರೆದರೆ ಕೈ ಬಿಡುವಿಲ್ಲ ಎಂದು ಹೇಳಿ ಕಳಿಸಿದಳು.

ಭಾಷಣ ಮುಗಿದ ಮೇಲೆ ಸೊಸೆ ಎಲ್ಲರಿಗೂ ದೊನ್ನೆಯಲ್ಲಿ ಗಿಣ್ಣು ಕೊಟ್ಟಳು, ಬೆಲ್ಲ ಏಲಕ್ಕಿ ಹಾಕಿ ಬೇಯಿಸಿದ್ದು. ನನ್ನ ದೊನ್ನೆಯನ್ನು ಮುದುಕಿಯೇ ತಂದು ಕೊಟ್ಟು, ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕೂತು ತಾನೂ ತಿನ್ನತೊಡಗಿದಳು. ಎಷ್ಟು ದಿನದ ಮೇಲೆ ತಿನ್ನುತ್ತಿದ್ದಾಳೆ ಎಂದು ನನಗೆ ಗೊತ್ತಿತ್ತು. ಸುಮ್ಮನಿರಬಹುದಿತ್ತು. ಆದರೆ ನನ್ನದು ಸುಮ್ಮನಿರುವ ಜೀವವಲ್ಲ, ಆ ಒಂದು ಮಾತು ಒಳಗೆ ಕೊರೆಯುತ್ತಲೇ ಇತ್ತು.

“ಅವ್ವಾ, ಅವತ್ತು ಮೊದಲೇ ನಿನ್ನ ಕೇಳಿದ್ದಿದ್ದರೆ?” ಎಂದೆ.

ಅವಳು ಬೆರಳು ನೆಕ್ಕಿ, ಕಲ್ಲಿನ ಕಡೆ ನೋಡಿದಳು. “ಸೆಡ್ಡು ಕಟ್ಟೋವಾಗ ಈರಪ್ಪನ್ನ ನನ್ ಮಗನ್ ಕಣ್ಣಿಂದ ಎಂಗ್ ತಪ್ಸದು ಅಂತ ನಂಗೂ ದಿಗ್ಲಾಗಿತ್ತು. ಕೇಳಿದ್ರೆ ಕೊಟ್ಟೇಬುಡ್ತಿದ್ನೇನೋ ಕಣವ್ವ. ನೀನ್ ಕೇಳ್ನಿಲ್ವಲ್ಲ.”